ಜೀನ್ಸ್ ಲೇಬಲ್‌ಗೆ ಬಣ್ಣ ಆರಿಸುವ ಮುಂಚೆ

ಬಳ್ಳಾರಿಯಲ್ಲಿ ಹೊಸದಾಗಿ ಜೀನ್ಸ್ ಯೂನಿಟ್ ಶುರು ಮಾಡುವವರಿಗೆ ಒಂದು ಮಾತು. ಲೋಗೋ ಮಾಡಿಸಲು ಹೋದರೆ "ನೀಲಿ ಅಂದ್ರೆ ನಂಬಿಕೆ, ಕೆಂಪು ಅಂದ್ರೆ ಜೋಶ್" ಅಂತಾರೆ. ಸುಳ್ಳಲ್ಲ, ಆದ್ರೆ ಪೂರ್ತಿ ನಿಜವೂ ಅಲ್ಲ. ಕುಂಕುಮವೂ ಕೆಂಪೇ, ಅಪಾಯದ ಬೋರ್ಡೂ ಕೆಂಪೇ, ಅಲ್ವಾ? ಬಣ್ಣ ಎಲ್ಲಿ ಕೂರುತ್ತೆ ಅನ್ನೋದು ಮುಖ್ಯ.

ನಾನೂ ಮೊದಲು ಕಡುನೀಲಿ ಲೇಬಲ್ ಹಾಕಿಸಿದ್ದೆ. ಕಂಪ್ಯೂಟರ್‌ನಲ್ಲಿ ಚೆಂದ ಇತ್ತು. ಪ್ಯಾಂಟಿನ ಹಿಂದಿನ ಜೇಬಿಗೆ ಹೊಲಿದ ಮೇಲೆ ನೀಲಿಯಲ್ಲಿ ನೀಲಿ ಮುಳುಗಿಹೋಯ್ತು! ಎರಡು ಸಾವಿರ ಲೇಬಲ್ ಇನ್ನೂ ಅಟ್ಟದ ಮೇಲಿವೆ. ಲೀವೈಸ್‌ನವರು 1936ರಲ್ಲೇ ಜೇಬಿನ ಅಂಚಿಗೆ ಪುಟ್ಟ ಕೆಂಪು ಪಟ್ಟಿ ಹೊಲಿದಿದ್ದು ಇದಕ್ಕೇ, ದೂರದಿಂದಲೇ ಗುರುತು ಸಿಗಲಿ ಅಂತ.

ಬೋರ್ಡಿಗೆ ಬೇರೆ ಲೆಕ್ಕ. ಫ್ಲೆಕ್ಸ್‌ನಲ್ಲಿ ಕೆಂಪು, ಹಳದಿ ಬೇಗ ಮಾಸುತ್ತವೆ. ನಮ್ಮ ಬಿಸಿಲಿಗಂತೂ ಕೇಳೋದೇ ಬೇಡ. ಹಳೇ ಬ್ಯಾನರ್‌ಗಳಲ್ಲಿ ಮುಖಗಳೆಲ್ಲ ನೀಲಿ ತಿರುಗಿರೋದನ್ನು ನೋಡಿದ್ದೀರಲ್ಲ?

ಲೋಗೋ ಒಪ್ಪುವ ಮುಂಚೆ ಅಸಲಿ ಬಟ್ಟೆ ಮೇಲೆ ಒಂದೇ ಒಂದು ಸ್ಯಾಂಪಲ್ ಹೊಲಿಸಿ, ಹತ್ತು ಹೆಜ್ಜೆ ದೂರ ನಿಂತು ನೋಡಿ. ಕಪ್ಪು-ಬಿಳುಪಿನಲ್ಲೂ ಒಂದು ಪ್ರಿಂಟ್ ತೆಗೆಸಿ, ಬಿಲ್ ಬುಕ್ಕಿನಲ್ಲಿ ಬರೋದು ಅದೇ.