ಹಳೇ ತ್ರೀ ನಾಟ್ ತ್ರೀ ರೈಫಲ್‌ನ ಗುರುತು ಓದುವುದು ಹೇಗೆ?

ನಮ್ಮ ಎನ್‌ಸಿಸಿ ದಿನಗಳಲ್ಲಿ ಕವಾಯತು ಮುಗಿದ ಮೇಲೆ ರೈಫಲ್‌ಗಳ ಬೋಲ್ಟ್ (ತೋಟೆಯನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ, ಹಿಡಿ ಇರುವ ಉಕ್ಕಿನ ದಂಡ) ತೆಗೆದು ಗೋಣಿತಾಟಿನ ಮೇಲೆ ಸಾಲಾಗಿ ಇಡುತ್ತಿದ್ದೆವು. ರೈಫಲ್ ಒಂದು ಕಡೆ, ಬೋಲ್ಟ್ ಇನ್ನೊಂದು ಕಡೆ ಬೀಗದೊಳಗೆ. ಮರುದಿನ ನೋಡಿದರೆ ಎಲ್ಲ ಬೋಲ್ಟೂ ಒಂದೇ ಥರ! ಕೈಗೆ ಸಿಕ್ಕಿದ್ದನ್ನು ತುರುಕಲು ಹೋದರೆ ಹವಾಲ್ದಾರರು ಗದರುತ್ತಿದ್ದರು: "ಮೊದ್ಲು ನಂಬರ್ ನೋಡ್ರೀ!" ಹಳೇ ರೈಫಲ್ ಓದುವ ಮೊದಲ ಪಾಠ ಅದೇ.

ನಾನು ಹೇಳುತ್ತಿರುವುದು ಲೀ ಎನ್‌ಫೀಲ್ಡ್ ಬಗ್ಗೆ. ನಮ್ಮ ಪೊಲೀಸರ ಹೆಗಲಲ್ಲಿ ದಶಕಗಟ್ಟಲೆ ಇದ್ದ ತ್ರೀ ನಾಟ್ ತ್ರೀ. ಇದರ ಮಾರ್ಕ್ 3 ಮಾದರಿ ಬಂದದ್ದು 1907ರಲ್ಲಿ.

ಒಂದು ಮಾತು ಮೊದಲೇ. ನಮ್ಮಲ್ಲಿ .303 ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ). ಸಾಮಾನ್ಯ ಲೈಸೆನ್ಸ್ ಇದಕ್ಕೆ ನಡೆಯುವುದಿಲ್ಲ. ಅಜ್ಜನ ಅಟ್ಟದಲ್ಲಿ ಸಿಕ್ಕಿತು ಅಂತ ಸುಮ್ನೆ ಬಿಚ್ಚಲು ಕೂರಬೇಡಿ, ಠಾಣೆಗೆ ತಿಳಿಸಿ. ಇಟ್ಟುಕೊಳ್ಳಲು ಹಕ್ಕಿರುವವರ ಬಳಿ, ಅವರೆದುರಿಗೇ ನೋಡಿ. ನಳಿಗೆ ಜನರಿಲ್ಲದ ಕಡೆಗಿರಲಿ. ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ಹಿಂದಕ್ಕೆಳೆಯಿರಿ. ತೋಟೆ ಕೂರುವ ಗೂಡಿನಲ್ಲಿ ಕಣ್ಣಿಟ್ಟು ನೋಡಿ, ಕಿರುಬೆರಳನ್ನೂ ಹಾಕಿ ನೋಡಿ. ಖಾಲಿ ಇದೆ ಎಂದು ಎದುರಿಗಿದ್ದವರು ಹೇಳಿದರೂ ನೀವೇ ನೋಡಿ.

ಈಗ ಬೋಲ್ಟ್ ಹಿಡಿಯ ಕೆಳಗೆ, ಬಲಗಡೆ, ಮರಕ್ಕೆ ತಾಗಿದಂತೆ ಒಂದು ಉಕ್ಕಿನ ಪಟ್ಟಿ ಕಾಣುತ್ತದೆ. ರೈಫಲ್‌ನ ಜಾತಕ ಇರುವುದು ಇಲ್ಲಿ. ಮೇಲೆ ಕಿರೀಟ, ಅದರ ಕೆಳಗೆ ರಾಜನ ಅಕ್ಷರ. ಇ.ಆರ್. ಎಂದರೆ ಎಡ್ವರ್ಡ್, ಜಿ.ಆರ್. ಎಂದರೆ ಜಾರ್ಜ್. ಆಮೇಲೆ ಕಾರ್ಖಾನೆ: ಇಂಗ್ಲೆಂಡಿನದ್ದಾದರೆ ಎನ್‌ಫೀಲ್ಡ್, ಬಿ.ಎಸ್.ಎ., ಎಲ್.ಎಸ್.ಎ., ಆಸ್ಟ್ರೇಲಿಯಾದ್ದಾದರೆ ಲಿತ್ಗೋ. ಬಂಗಾಳದ ಇಶಾಪುರದಲ್ಲಿ ಆದದ್ದಕ್ಕೆ ಊರಿನ ಹೆಸರೋ ಆರ್.ಎಫ್.ಐ. (ರೈಫಲ್ ಫ್ಯಾಕ್ಟರಿ ಇಶಾಪುರ) ಎಂದೋ ಇರುತ್ತದೆ, ರಾಜನ ಅಕ್ಷರ ಜಿ.ಆರ್.ಐ. ಈ ಜಿ.ಆರ್.ಐ.ನ ಕೊನೆಯ 'ಐ' ಇಂಡಿಯಾ ಅಲ್ಲ, 'ಇಂಪರೇಟರ್', ಅಂದರೆ ಚಕ್ರವರ್ತಿ. ಸ್ವಾತಂತ್ರ್ಯ ಬಂದ ಮೇಲೆ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು. ಪಟ್ಟಿಯಲ್ಲಿ '2ಎ' ಅಥವಾ '2ಎ1' ಎಂದಿದ್ದರೆ ಅದು ತ್ರೀ ನಾಟ್ ತ್ರೀ ಅಲ್ಲವೇ ಅಲ್ಲ. 1960ರ ದಶಕದಲ್ಲಿ ಇಶಾಪುರ ಮಾಡಿದ 7.62 ಎಂಎಂ ರೈಫಲ್. ಮೈಕಟ್ಟು ಅದೇ, ತೋಟೆ ಬೇರೆ.

ಇನ್ನು ನಂಬರ್. ಟಾರ್ಚನ್ನು ನೇರವಾಗಿ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಆಗ ಸವೆದ ಅಂಕಿಗಳ ನೆರಳು ಬಿದ್ದು ಎದ್ದು ಕಾಣುತ್ತವೆ. ಆಗಲೂ ಕಾಣದಿದ್ದರೆ ಸೀಮೆಸುಣ್ಣ ಸವರಿ, ಬಟ್ಟೆಯಿಂದ ಮೆಲ್ಲಗೆ ಒರೆಸಿ. ಗುಂಡಿಯಲ್ಲಿ ಉಳಿದ ಬಿಳಿಯೇ ಅಂಕಿ. ಹಿತ್ತಾಳೆ ಪಾತ್ರೆ ತಿಕ್ಕಿದಂತೆ ಹುಣಸೆಹಣ್ಣು, ಉಪ್ಪುಕಾಗದ ತರಲೇಬೇಡಿ.

ಮೂಲ ನಂಬರ್ ಇರುವುದು ತೋಟೆಯ ಗೂಡಿನ ಸುತ್ತಲಿನ ಉಕ್ಕಿನ ಬಲಬದಿಯಲ್ಲಿ. ಪಕ್ಕದ ನಳಿಗೆಯ ಮೇಲೆ, ಬೋಲ್ಟ್ ಹಿಡಿಯ ಬುಡದ ಹಿಂಬದಿಯಲ್ಲಿ, ಹಿಂದಿನ ಗುರಿಪಟ್ಟಿ ಎತ್ತಿದರೆ ಅದರ ಅಡಿಯಲ್ಲಿ, ಬಯೊನೆಟ್ ಸಿಕ್ಕಿಸುವ ಮೂತಿಯಲ್ಲಿ, ಮುಂಭಾಗದ ಮರದ ತಳದಲ್ಲಿ ಅದೇ ನಂಬರ್ ಹುಡುಕಿ. ಅಂಕಿಗೆ ಮುಂಚಿನ ಇಂಗ್ಲಿಷ್ ಅಕ್ಷರವನ್ನೂ ಬರೆದುಕೊಳ್ಳಿ. ಅದು ಬೇರೆಯಾದರೆ ನಂಬರೇ ಬೇರೆ. ಒಂದೊಂದು ಕಾರ್ಖಾನೆಗೂ ತನ್ನದೇ ಸರಣಿ ಇದ್ದದ್ದರಿಂದ ಬರೀ ನಂಬರ್ ಹಿಡಿದು ಯಾವ ರೈಫಲ್ ಅಂತ ಹೇಳಲು ಆಗುವುದಿಲ್ಲ.

ಮೂತಿಯ ನಂಬರ್ ಬೇರೆಯಾದರೆ ಬೆಲೆ ಇಳಿಯಬಹುದು, ಅಷ್ಟೇ. ಬೋಲ್ಟ್ ಹಾಗಲ್ಲ. ಸಿಡಿತದ ಹೊಡೆತ ತಡೆಯುವ ಅದರ ಎರಡು ಗುಬುಟುಗಳನ್ನು ಆಯಾ ರೈಫಲ್‌ಗೆ ಸರಿಯಾಗಿ ಕೂರುವಂತೆ ಹೊಂದಿಸಿರುತ್ತಾರೆ. ಬೇರೆ ಬೋಲ್ಟ್ ಹಾಕಿದರೆ ತೋಟೆಯ ಹಿಂದೆ ಸಂದು ಜಾಸ್ತಿಯಾಗಿ, ಹಾರಿಸುವಾಗ ತೋಟೆಯ ಕೋಶವೇ ಹರಿಯಬಹುದು. ಆ ಸಂದು ಅಳೆಯುವ ಗೇಜ್ ಹಾಕಿ ಪರೀಕ್ಷಿಸದೆ ಅಂಥದ್ದನ್ನು ಹಾರಿಸಲೇಬಾರದು.

ಹಳೇ ನಂಬರಿಗೆ ಗೀಟು ಎಳೆದು ಪಕ್ಕದಲ್ಲಿ ಹೊಸದನ್ನು ಕುಟ್ಟಿದ್ದರೆ ಗಾಬರಿ ಬೇಡ. ಆಯುಧಾಗಾರದವರು ರಿಪೇರಿಯಲ್ಲಿ ಮಾಡುತ್ತಿದ್ದದ್ದೇ ಹಾಗೆ. ನಳಿಗೆಯ ಇಸವಿ ಆ ಉಕ್ಕಿನ ಪಟ್ಟಿಯ ಮೇಲಿರುವ ಇಸವಿಗಿಂತ ಈಚಿನದಾಗಿದ್ದರೆ ನಳಿಗೆ ಬದಲಾಗಿದೆ. ಎಫ್.ಟಿ.ಆರ್. ಎಂದಿದ್ದರೆ ಕಾರ್ಖಾನೆಯಲ್ಲೇ ಪೂರ್ತಿ ದುರಸ್ತಿ ಆಗಿದೆ. ನನಗೆ ಅನುಮಾನ ಬರುವುದು ಎಲ್ಲ ಕಡೆ ಒಂದೇ ನಂಬರ್ ಇದ್ದು, ಒಂದರ ಅಂಕಿ ಮಾತ್ರ ಹೊಸದಾಗಿ ಚೂಪಾಗಿ ಕಂಡಾಗ. ಅಥವಾ ಉಜ್ಜಿ ತೆಗೆದು ಗುಳಿ ಬಿದ್ದಾಗ. ನಂಬರ್ ಅಳಿಸುವುದು, ತಿದ್ದುವುದು 1959ರ ಆಯುಧ ಕಾಯ್ದೆಯ 8ನೇ ಕಲಂ ಪ್ರಕಾರ ಅಪರಾಧ. ಅಂಥ ರೈಫಲ್‌ನಿಂದ ದೂರ ಇರಿ.

ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸ್ವತ್ತು ಎಂಬುದರದ್ದು. ಎರಡು ಬಾಣ ಮೊನೆಗೆ ಮೊನೆ ತಾಗಿದ್ದರೆ ಸೇವೆಯಿಂದ ಹೊರಗೆ ಮಾರಿದ್ದು. 'ಡಿ.ಪಿ.' ಎಂದಿದ್ದರೆ ಕವಾಯತಿಗೆ ಮಾತ್ರ, ಗುಂಡು ಹಾರಿಸಲು ಅಲ್ಲ.

ಹಿಂಬದಿಯ ಮರದಲ್ಲಿ ಕೆಲವಕ್ಕೆ ಒಂದು ಹಿತ್ತಾಳೆ ಬಿಲ್ಲೆ ಇರುತ್ತದೆ. ಅದರ ಮೇಲಿನ ಅಂಕಿಯನ್ನೇ ಸೀರಿಯಲ್ ನಂಬರ್ ಎಂದು ಬರೆದುಕೊಂಡು ಬರುವವರು ಜಾಸ್ತಿ. ಅದು ರೆಜಿಮೆಂಟ್ ಕೊಟ್ಟ ಲೆಕ್ಕದ ನಂಬರ್. ಬರೆದುಕೊಳ್ಳಿ, ಆದರೆ ಬೇರೆ ಸಾಲಿನಲ್ಲಿ.