ಗೋಡೆಗೆ ಅಂಟಿದ ಪೆಪ್ಟೈಡ್: ಎಲ್‌ಎಲ್-37 ಜೊತೆ ನನ್ನ ಅನುಭವ

ಮೊದಲ ಪ್ಲೇಟನ್ನು ಇನ್‌ಕ್ಯುಬೇಟರ್‌ನಿಂದ ತೆಗೆದು ಬೆಳಕಿಗೆ ಹಿಡಿದೆ. ಪೆಪ್ಟೈಡ್ ಹಾಕಿದ ವೆಲ್‌ಗಳೆಲ್ಲ (ಪ್ಲೇಟಿನ ಪುಟ್ಟ ಗುಳಿಗಳು) ಸಾಲಿಗೆ ಸಾಲೇ ಕದಡಿದ್ದವು. ಅಂದರೆ ಇ. ಕೋಲಿ ಬ್ಯಾಕ್ಟೀರಿಯಾ ರಾತ್ರಿಯಿಡೀ ಹಾಯಾಗಿ ಬೆಳೆದಿತ್ತು. ಮಿಲಿಲೀಟರಿಗೆ 64 ಮೈಕ್ರೋಗ್ರಾಂ ಇದ್ದ ಮೊದಲ ವೆಲ್‌ನಲ್ಲೂ ಅದೇ ಕಥೆ. ಪಕ್ಕದಲ್ಲಿ ಪಾಲಿಮಿಕ್ಸಿನ್ ಬಿ ಎಂಬ ಆ್ಯಂಟಿಬಯೋಟಿಕ್ ಹಾಕಿದ್ದ ಸಾಲು ಮಾತ್ರ ತಿಳಿನೀರಿನ ಹಾಗಿತ್ತು.

ನಾನು ಪರೀಕ್ಷಿಸುತ್ತಿದ್ದದ್ದು ಎಲ್‌ಎಲ್-37. ಮನುಷ್ಯರಲ್ಲಿರುವ ಒಂದೇ ಒಂದು ಕ್ಯಾಥೆಲಿಸಿಡಿನ್ (ರೋಗಾಣುಗಳ ವಿರುದ್ಧ ದೇಹವೇ ತಯಾರಿಸುವ ಪೆಪ್ಟೈಡ್‌ಗಳ ಒಂದು ಕುಟುಂಬ) ಇದು. 37 ಅಮೈನೋ ಆಮ್ಲಗಳ ಸರಪಳಿ, ಶುರುವಾಗುವುದು ಎರಡು ಲ್ಯೂಸಿನ್‌ಗಳಿಂದ (ಲ್ಯೂಸಿನ್‌ನ ಸಂಕೇತಾಕ್ಷರ ಎಲ್). ಹೆಸರು ಬಂದದ್ದೂ ಹಾಗೇ. ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡ್ ಅಂತಲೇ ಓದಿಕೊಂಡು ಬಂದಿದ್ದೆ. ಕಣ್ಣೆದುರು ನೋಡಿದರೆ ಒಂದೂ ಸತ್ತಿಲ್ಲ! ತಯಾರಿಸಿ ಕೊಟ್ಟವರೇ ಏನೋ ಎಡವಟ್ಟು ಮಾಡಿದ್ದಾರೆ ಎಂದು ಅವರನ್ನು ಮನಸಾರೆ ಬೈದುಕೊಂಡೆ. ಇನ್ನೊಂದು ಸೀಸೆ ತೆರೆದೆ. ಮತ್ತೆ ಅದೇ ಫಲ.

ಲ್ಯಾಬಿನ ಸೀನಿಯರ್ ಒಬ್ಬರು ನನ್ನ ಮುಖ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಪ್ಲೇಟ್?"

"ಮಾಮೂಲಿ ಪಾಲಿಸ್ಟೈರೀನ್ ಪ್ಲಾಸ್ಟಿಕ್."

"ಹಾಗಾದ್ರೆ ನಿನ್ನ ಪೆಪ್ಟೈಡ್ ಗೋಡೆಗೆ ಅಂಟ್ಕೊಂಡು ಕೂತಿದೆ. ಬ್ಯಾಕ್ಟೀರಿಯಾಗೆ ಸಿಕ್ಕೇ ಇಲ್ಲ."

ಆ ಸಂಜೆ ಕೂತು ಸರಣಿಯಲ್ಲಿ ಒಂದೊಂದೇ ಅಕ್ಷರ, ಅಂದರೆ ಒಂದೊಂದೇ ಅಮೈನೋ ಆಮ್ಲ ಎಣಿಸಿದೆ. ಲೈಸಿನ್ ಆರು, ಆರ್ಜಿನಿನ್ ಐದು, ಒಟ್ಟು 11 ಪ್ಲಸ್ ಚಾರ್ಜ್. ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಸೇರಿ 5 ಮೈನಸ್. ಕಳೆದರೆ ಉಳಿಯುವುದು 6 ಪ್ಲಸ್. ಇಷ್ಟು ಚಿಕ್ಕ ಅಣುವಿಗೆ ಇದು ಜಾಸ್ತಿಯೇ. ಸರಪಳಿ ಸುರುಳಿ ಸುತ್ತಿಕೊಂಡಾಗ ಒಂದು ಮೈಯಲ್ಲಿ ಈ ಪ್ಲಸ್‌ಗಳು, ಇನ್ನೊಂದು ಮೈಯಲ್ಲಿ ಎಣ್ಣೆಯಂಥ ಅಮೈನೋ ಆಮ್ಲಗಳು ಬರುತ್ತವೆ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಮೈನಸ್ ತುಂಬಿದೆ, ಅದಕ್ಕೇ ಪೆಪ್ಟೈಡ್ ಅಲ್ಲಿಗೆ ಓಡುತ್ತದೆ. ನಮ್ಮ ಜೀವಕೋಶದ ಹೊರಪದರ ಬಹುಪಾಲು ತಟಸ್ಥ, ಜೊತೆಗೆ ಕೊಲೆಸ್ಟೆರಾಲ್ ಬೇರೆ ಇದೆ, ಹಾಗಾಗಿ ಅಷ್ಟು ಸೆಳೆತ ಇಲ್ಲ. ಪ್ಲಾಸ್ಟಿಕ್‌ಗೆ ಅಂಟುವುದೂ ಇದೇ ಗುಣದಿಂದಲೇ. ಅದಕ್ಕೆ ಬ್ಯಾಕ್ಟೀರಿಯಾ ಯಾವುದು, ಪ್ಲೇಟ್ ಯಾವುದು ಅಂತ ಗೊತ್ತಾಗಬೇಕಲ್ವಾ?

ಆಮೇಲೆ ಎಲ್ಲವನ್ನೂ ಬದಲಾಯಿಸಿದೆ. ಪ್ಲೇಟು, ಟ್ಯೂಬು ಎಲ್ಲ ಪಾಲಿಪ್ರೊಪಿಲೀನ್, ಈ ಪ್ಲಾಸ್ಟಿಕ್‌ಗೆ ಪೆಪ್ಟೈಡ್ ಅಂಟುವುದು ಕಡಿಮೆ. ಪೆಪ್ಟೈಡನ್ನು ಬರೀ ನೀರಿನಲ್ಲಿ ತೆಳು ಮಾಡುವ ಬದಲು 0.01% ಅಸಿಟಿಕ್ ಆಮ್ಲದಲ್ಲಿ 0.2% ಆಲ್ಬುಮಿನ್ ಎಂಬ ಪ್ರೋಟೀನ್ ಬೆರೆಸಿದ ದ್ರಾವಣದಲ್ಲಿ ಮಾಡಿದೆ. ಆಲ್ಬುಮಿನ್ ಮೊದಲೇ ಹೋಗಿ ಗೋಡೆ ಹಿಡಿದುಕೊಳ್ಳುತ್ತದೆ, ಪೆಪ್ಟೈಡ್‌ಗೆ ಜಾಗ ಉಳಿಯುವುದಿಲ್ಲ. ಹತ್ತು ಪಟ್ಟು ಗಟ್ಟಿ ಇರುವಂತೆ ಡೈಲ್ಯೂಷನ್ ಸಾಲು ಮಾಡಿಟ್ಟುಕೊಂಡು, ಪ್ರತಿ ವೆಲ್‌ಗೂ ಚೂರೇ ಚೂರು ಹಾಕಿದೆ. ಇನ್ನೊಂದು ವಿಷಯ: ಸೀಸೆ ಮೇಲೆ 1 ಮಿಲಿಗ್ರಾಂ ಎಂದಿದ್ದರೆ ಅದೆಲ್ಲ ಪೆಪ್ಟೈಡ್ ಅಲ್ಲ. ಶುದ್ಧ ಮಾಡುವಾಗ ಬಳಸಿದ ಟ್ರೈಫ್ಲೋರೋ ಅಸಿಟಿಕ್ ಆಮ್ಲದ ಉಪ್ಪು, ನೀರಿನಂಶ ಎಲ್ಲ ಆ ತೂಕದಲ್ಲೇ ಸೇರಿರುತ್ತವೆ. ನಾನು ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈ ಸಲ ಗಟ್ಟಿ ಪೆಪ್ಟೈಡ್ ಇದ್ದ ಕಡೆಯಿಂದ ಎರಡು ವೆಲ್ ತಿಳಿಯಾದವು. ಅಷ್ಟೇ! ಖುಷಿ ಅರ್ಧಕ್ಕೇ ನಿಂತಿತು. ಮುಂದಿನ ಅಪರಾಧಿ ಮೀಡಿಯಾ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ದ್ರವ. ನಾವು ಬಳಸುವ ಮ್ಯುಲ್ಲರ್ ಹಿಂಟನ್ ಬ್ರಾತ್‌ಗೆ ಲೀಟರಿಗೆ 20ರಿಂದ 25 ಮಿಲಿಗ್ರಾಂ ಕ್ಯಾಲ್ಸಿಯಂ, 10ರಿಂದ 12.5 ಮಿಲಿಗ್ರಾಂ ಮೆಗ್ನೀಷಿಯಂ ಇರುವಂತೆ ಸರಿಹೊಂದಿಸಿರುತ್ತಾರೆ. ಈ ಪ್ಲಸ್ ಅಯಾನುಗಳು ಬ್ಯಾಕ್ಟೀರಿಯಾದ ಮೈಮೇಲಿನ ಮೈನಸ್‌ಗಳನ್ನು ಮೊದಲೇ ಹಿಡಿದಿರುತ್ತವೆ. ಉಪ್ಪು ಕಡಿಮೆ ಇರುವ ಫಾಸ್ಫೇಟ್ ಬಫರ್‌ನಲ್ಲಿ ಎರಡು ಗಂಟೆ ಇಟ್ಟು ಅಗಾರ್ ಮೇಲೆ ಹರಡಿ ಎಣಿಸಿದಾಗ ಕಾಲೊನಿಗಳು ಒಂದೇ ಸಮ ಇಳಿದಿದ್ದವು. ಅದೇ ಬಫರ್‌ಗೆ ರಕ್ತದಲ್ಲಿರುವಷ್ಟು ಉಪ್ಪು ಹಾಕಿದೆ, ಕೊಲ್ಲುವ ಶಕ್ತಿ ಅರ್ಧಕ್ಕರ್ಧ ಹೋಯಿತು. ಸೀರಂ (ರಕ್ತದ ತಿಳಿ ದ್ರವ) ಹಾಕಿದೆ, ಉಳಿದದ್ದೂ ಹೋಯಿತು.

ಹಾಗಾದರೆ ಉಪ್ಪು, ಸೀರಂ ಎರಡೂ ಇರುವ ದೇಹದಲ್ಲಿ ಇದಕ್ಕೇನು ಕೆಲಸ? ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ಒಳಗಿನ ಪುಟ್ಟ ಜಾಗದಲ್ಲಿ ಇದರ ಸಾಂದ್ರತೆ ತುಂಬಾ ಜಾಸ್ತಿ, ಅಲ್ಲಿ ಕೊಲ್ಲುವುದು ನಿಜ. ಆದರೆ ನನ್ನ ನೋಟ ಬದಲಾದದ್ದು ಇನ್ನೊಂದು ಪ್ರಯೋಗದಿಂದ.

ಇಲಿಯ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳಿಗೆ ಎಲ್‌ಪಿಎಸ್ ಹಾಕಿದೆ. ಇದು ಇ. ಕೋಲಿಯಂಥ ಬ್ಯಾಕ್ಟೀರಿಯಾದ ಹೊರಗೋಡೆಯ ಚೂರು. ಕೋಶಗಳು ಬೆಚ್ಚಿಬಿದ್ದು ಟಿಎನ್‌ಎಫ್ ಎಂಬ ಉರಿಯೂತದ ಸಂಕೇತ ಸುರಿಸುತ್ತವೆ. ಅದನ್ನು ಬಣ್ಣದಿಂದ ಅಳೆಯುವ ಎಲಿಸಾ ಪ್ಲೇಟ್ ಕಡು ಹಳದಿ, ಅಂದರೆ ಟಿಎನ್‌ಎಫ್ ಜಾಸ್ತಿ. ಪಕ್ಕದ ಸಾಲಿಗೆ ಎಲ್‌ಪಿಎಸ್ ಜೊತೆ ಎಲ್‌ಎಲ್-37 ಹಾಕಿದ್ದೆ. ಅಲ್ಲಿ ಬಣ್ಣ ಬಂದೂ ಬಾರದ ಹಾಗಿತ್ತು. ಅಮೈನೋ ಆಮ್ಲಗಳು ಅವೇ, ಕ್ರಮ ಮಾತ್ರ ಕಲಸಿದ ಪೆಪ್ಟೈಡ್ ಹಾಕಿದ ಸಾಲು ಮತ್ತೆ ಹಳದಿ. ಅಂದರೆ ಬರೀ ಪ್ಲಸ್ ಸಾಲದು, ಆ ಸುರುಳಿಯ ಎರಡು ಮೈಗಳೂ ಬೇಕು. ನೆನಪಿಡಿ, ಇದೆಲ್ಲ ನಡೆದದ್ದು ಸೀರಂ ಇದ್ದ ಮೀಡಿಯಾದಲ್ಲೇ, ಎಲ್ಲಿ ಅದು ಒಂದು ಬ್ಯಾಕ್ಟೀರಿಯಾವನ್ನೂ ಕೊಲ್ಲಲಿಲ್ಲವೋ ಅಲ್ಲೇ! ಎಲ್‌ಪಿಎಸ್ ಮೈಯೂ ಮೈನಸ್ ತಾನೇ, ಪೆಪ್ಟೈಡ್ ಹೋಗಿ ಅದನ್ನೇ ಅಪ್ಪಿಕೊಂಡಿತ್ತು.

ಹಾಗೆಂದು ಅದು ಯಾವಾಗಲೂ ಉರಿ ತಣಿಸುತ್ತದೆ ಎಂದಲ್ಲ. ಎಫ್‌ಪಿಆರ್2 ಎಂಬ ರಿಸೆಪ್ಟರ್ ಮೂಲಕ ನ್ಯೂಟ್ರೋಫಿಲ್, ಮಾನೊಸೈಟ್‌ಗಳನ್ನು ಗಾಯದ ಕಡೆಗೆ ಕರೆಸುವುದೂ ಇದೇ. ಸೋರಿಯಾಸಿಸ್ ಎಂಬ ಚರ್ಮರೋಗದಲ್ಲಂತೂ ಸತ್ತ ಕೋಶಗಳಿಂದ ಹೊರಬಿದ್ದ ನಮ್ಮದೇ ಡಿಎನ್‌ಎಗೆ ಅಂಟಿಕೊಂಡು, ಡೆಂಡ್ರಿಟಿಕ್ ಎಂಬ ರೋಗನಿರೋಧಕ ಕೋಶಗಳು ಇಂಟರ್‌ಫೆರಾನ್ ಎಂಬ ಇನ್ನೊಂದು ಸಂಕೇತ ಸುರಿಸುವಂತೆ ಮಾಡುತ್ತದೆ. ಡಿಎನ್‌ಎ ಕೂಡ ಮೈನಸ್ಸೇ.

ಇಂಥ ಅಂಟುಬುರುಕ ಪೆಪ್ಟೈಡನ್ನು ದೇಹ ಹೇಗೆ ಇಟ್ಟುಕೊಳ್ಳುತ್ತದೆ ಎನ್ನುವುದು ನನಗೆ ಆಮೇಲೆಯೇ ಅರ್ಥವಾದದ್ದು. ನ್ಯೂಟ್ರೋಫಿಲ್ ಇದನ್ನು ಎಚ್‌ಕ್ಯಾಪ್18 ಎಂಬ ಉದ್ದ ಪ್ರೋಟೀನಿನ ಬಾಲವಾಗಿ, ಒಂದು ಬಗೆಯ ಕಣಿಕೆಗಳಲ್ಲಿ ತುಂಬಿಡುತ್ತದೆ. ಅದನ್ನು ಕತ್ತರಿಸುವ ಪ್ರೋಟೀನೇಸ್ 3 ಎಂಬ ಕಿಣ್ವ ಇರುವುದು ಬೇರೆ ಬಗೆಯ ಕಣಿಕೆಗಳಲ್ಲಿ. ಎರಡೂ ಹೊರಬಿದ್ದು ಸೇರಿದ ಮೇಲೆಯೇ ಎಲ್‌ಎಲ್-37 ಬಿಡುಗಡೆ. ನಾನೋ, ಅದನ್ನು ಬಿಚ್ಚಿದ ರೂಪದಲ್ಲೇ ತರಿಸಿ ಸಿಕ್ಕಿದ ಟ್ಯೂಬಿಗೆ ಸುರಿದಿದ್ದೆ.

ಈಗ ನನ್ನ ಬೆಂಚಿನ ಕೆಳಗೆ ಎರಡು ಪೆಟ್ಟಿಗೆಗಳಿವೆ. ಪಾಲಿಪ್ರೊಪಿಲೀನ್ ಪೆಟ್ಟಿಗೆ ಮೇಲೆ ಮಾರ್ಕರ್‌ನಲ್ಲಿ "ಪೆಪ್ಟೈಡ್" ಎಂದು ದಪ್ಪಗೆ ಬರೆದಿದ್ದೇನೆ. ಪಾಲಿಸ್ಟೈರೀನ್ ಪ್ಲೇಟ್‌ಗಳನ್ನು ಎಸೆದಿಲ್ಲ, ಎಲಿಸಾಗೆ ಅವೇ ಆಗಬೇಕು. ಅಲ್ಲಿ ಆ್ಯಂಟಿಬಾಡಿ ಗೋಡೆಗೆ ಅಂಟಲೇಬೇಕಲ್ಲ.