ವೆರೋನಾದ ಬಯಲು ಒಪೆರಾಗೆ ಗುಂಪು ಕಟ್ಟಿಕೊಂಡು ಹೋಗುವುದಾದರೆ

ಇಟಲಿಯ ವೆರೋನಾದಲ್ಲಿ ಬೇಸಿಗೆಯ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಉತ್ಸವಕ್ಕೆ ನಿಮ್ಮ ಸಂಘದವರನ್ನು ಕರೆದುಕೊಂಡು ಹೋಗಬೇಕಾ? ಮೊದಲು ಟಿಕೆಟ್ ತೆಗೆಸಿ, ಮಿಕ್ಕಿದ್ದೆಲ್ಲ ಆಮೇಲೆ. ಯಾವ ಒಪೆರಾ ನೋಡೋದು ಅಂತ ವೋಟು ಹಾಕಿಸಬೇಡಿ, ತಿಂಗಳಾದರೂ ಮುಗಿಯಲ್ಲ. ಹೊಸಬರು ಜಾಸ್ತಿ ಇದ್ದರೆ ಇಟಲಿಯ ಸಂಗೀತ ರಚನೆಕಾರ ವೆರ್ಡಿಯ 'ಐಡಾ' ಒಪೆರಾ ಇರುವ ದಿನ ಆರಿಸಿ. 1913ರಲ್ಲಿ ಉತ್ಸವ ಶುರುವಾಗಿದ್ದೇ ಅದರಿಂದ, ಅದರ ಮೆರವಣಿಗೆ ದೃಶ್ಯಕ್ಕೆ ಅಷ್ಟು ದೊಡ್ಡ ರಂಗವೇ ಸರಿ.

ತಲೆನೋವು ಇರುವುದು ಸೀಟಿನಲ್ಲಿ. ಒಪೆರಾ ನಡೆಯುವ ಅರೆನಾ ಸುಮಾರು ಎರಡು ಸಾವಿರ ವರ್ಷ ಹಳೆಯ ರೋಮನ್ ಬಯಲು ರಂಗ, ಮೇಲೆ ಚಾವಣಿ ಇಲ್ಲ. ಅಗ್ಗದ ಟಿಕೆಟ್ ಅಂದರೆ ಕಲ್ಲಿನ ಮೆಟ್ಟಿಲು, ಒರಗಿಕೊಳ್ಳಲು ಏನೂ ಇರುವುದಿಲ್ಲ, ಹಗಲೆಲ್ಲ ಬಿಸಿಲಿಗೆ ಕಾದ ಕಲ್ಲು ಆಟ ಶುರುವಾಗುವ ಹೊತ್ತಿಗೂ ಬೆಚ್ಚಗೇ ಇರುತ್ತದೆ, ಎರಡನೇ ಅಂಕದ ಹೊತ್ತಿಗೆ ಎಲ್ಲರೂ ಕೂತಲ್ಲೇ ಮಗ್ಗುಲು ಬದಲಿಸುತ್ತಿರುತ್ತಾರೆ. ಅದಕ್ಕೇ ದಿಂಬು ಒಯ್ಯಿರಿ. ಮಂಡಿನೋವಿನವರಿಗೆ ಕೆಳಗಿನ ಕುರ್ಚಿಯೇ ತೆಗೆಸಿ, ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ.

ಮಳೆ ಬಗ್ಗೆ ಮೊದಲೇ ಎಲ್ಲರಿಗೂ ಹೇಳಿಬಿಡಿ: ಆಟ ಶುರುವಾದ ಮೇಲೆ ಮಳೆ ಬಂದು ಆಟವೇ ನಿಂತುಹೋದರೆ ದುಡ್ಡು ವಾಪಸ್ ಬರುವುದಿಲ್ಲ. ಇಲ್ಲದಿದ್ದರೆ ನಿಮ್ಮನ್ನೇ ಕೇಳುತ್ತಾರೆ, ಅಲ್ವಾ?

ಮಿಲಾನ್, ವೆನಿಸ್ ಎರಡೂ ಕಡೆಯಿಂದ ನೇರ ರೈಲಿದೆ. ಆದರೆ ಆಟ ಮುಗಿಯುವಾಗ ಮಧ್ಯರಾತ್ರಿ ದಾಟಿರುತ್ತದೆ, ಅದೇ ರಾತ್ರಿ ವಾಪಸ್ ಹೋಗುವ ಆಸೆ ಬಿಡಿ. ಅರೆನಾ ಇರುವ ಪಿಯಾಝಾ ಬ್ರಾ ಚೌಕದಿಂದ ನಡೆದು ಹೋಗುವಷ್ಟು ದೂರದಲ್ಲೇ ರೂಮು ಹಿಡಿಯಿರಿ. ಒಪೆರಾದ ಕಥೆಯನ್ನು ಒಂದು ಪುಟ ಕನ್ನಡದಲ್ಲಿ ಬರೆದು ರೈಲಿನಲ್ಲೇ ಹಂಚಿ, 'ಐಡಾ'ದಲ್ಲಿ ಹಾಡುವುದೆಲ್ಲ ಇಟಾಲಿಯನ್‌ನಲ್ಲಿ.